ಅಳತೆ ಪುಸ್ತಕದಲ್ಲಿ ನನ್ನ ಹೆಸರು

ಚೀಟಿ ಎತ್ತಿದ ದುಡ್ಡು, ಒಂದು ಲಕ್ಷ ಇಪ್ಪತ್ತು ಸಾವಿರ,
ಸೀರೆ ಫಾಲ್ಸಿನ ಹಳೇ ಪೊಟ್ಟಣದಲ್ಲಿ ಸುತ್ತಿ
ಶ್ರೀರಾಂಪುರದಿಂದ ಜಯನಗರಕ್ಕೆ ಮೆಟ್ರೋದಲ್ಲಿ ಬಂದೆ.
ಎದೆಗವಚಿದ ಚೀಲ ನೋಡಿ ಪಕ್ಕದ ಹುಡುಗಿ ಎದ್ದು ಜಾಗ ಬಿಟ್ಟಳು,
ಒಳಗೆ ಏನೋ ಉಸಿರಾಡುತ್ತಿದೆ ಅಂದುಕೊಂಡಳೋ ಏನೋ.

ಅಂಗಡಿಯಲ್ಲಿ ಸೈಕಲ್ಲುಗಳು ಗೋಡೆಗೆ ನೇತುಬಿದ್ದಿದ್ದವು,
ಮದುವೆ ಸೀಸನ್ನಿನ ನನ್ನ ಹ್ಯಾಂಗರುಗಳ ಹಾಗೆ,
ಪ್ರತಿಯೊಂದೂ ಬೇರೆ ಯಾರದೋ ಮೈಗೆ.

ಬೆಳ್ಯಪ್ಪ ಅಂತ ಹುಡುಗ, ಕೈಯಲ್ಲಿ ಟೇಪು.
ಒಳಗಾಲು ಎಪ್ಪತ್ತೆರಡು, ತೋಳು ಐವತ್ತಾರು.
ಅವನು ಅಳೆಯುವಾಗ ಉಸಿರು ಬಿಗಿಹಿಡಿದೆ.
ಮೂವತ್ತು ವರ್ಷ ಹೆಂಗಸರಿಗೆ ಹೇಳಿದವಳು ನಾನೇ:
ಹೊಟ್ಟೆ ಎಳ್ಕೋಬೇಡಿ, ಆಮೇಲೆ ಹುಕ್ ಕಿತ್ಕೊಳ್ಳುತ್ತೆ.

ರೇಸಿನದಾ, ಎಂಡ್ಯೂರೆನ್ಸಾ, ಕೇಳಿದ.
ರೇಸಿನದು ಚೆಂದ. ಕತ್ತರಿಯ ಹಾಗೆ.
ಹತ್ತಿ ಕೂತರೆ ಗದ್ದ ಹ್ಯಾಂಡಲಿಗೆ,
ನಡು ಮತ್ತೆ ಅದೇ ಮಿಷನ್ನಿನ ಮುಂದಿನ ಬಿಲ್ಲು.
ಬೇಡಪ್ಪ. ಬಗ್ಗಿದ್ದು ಸಾಕು.
ಮುಂದುಗಡೆ ಸ್ವಲ್ಪ ಎತ್ತರ ಇರೋದು ತೋರಿಸು,
ಇನ್ನೂರು ಕಿಲೋಮೀಟರ್ ಆದಮೇಲೂ
ಆಕಾಶ ನೋಡುವಷ್ಟು ಕತ್ತು ಉಳಿಯಬೇಕು.

ಇನ್ನೂರು ನನ್ನ ಮಾತಲ್ಲ, ರೋಸ್ಲಿನ್ ಮಾತು.
ಲಿಂಗರಾಜಪುರದ ನರ್ಸು, ರಾತ್ರಿ ಪಾಳಿ ಮುಗಿಸಿ
ಹೆಸರಘಟ್ಟದ ತನಕ ತುಳಿದು ಬಂದು ಮಲಗುವವಳು.
ಅವಳ ಜರ್ಸಿಗೆ ಜಿಪ್ ಹಾಕುವಾಗ ನನಗೂ ಅಂಟಿತು.
ನಂದಿಯ ಕೊನೇ ತಿರುವಿನಲ್ಲಿ ಮಂಡಿ ಬೇಡಿಕೊಳ್ಳುತ್ತೆ,
ಹಿಂದೆ ಮೂವತ್ತನಾಲ್ಕು ಹಲ್ಲಿರೋದೇ ತಗೋ, ನಾಚ್ಕೋಬೇಡ ಅಂದಿದ್ದಳು.

ಆಮೇಲೆ ಲೆಕ್ಕ.
ಪೂರಾ ಕಾರ್ಬನ್‌ಗೆ ಇನ್ನೊಂದು ಚೀಟಿ ಬೇಕು.
ಅಲ್ಯೂಮಿನಿಯಂ ಮೈ, ಕಾರ್ಬನ್ ಫೋರ್ಕು, ಡಿಸ್ಕ್ ಬ್ರೇಕು,
ತೊಂಬತ್ತೆಂಟಕ್ಕೆ ಬರುತ್ತೆ.
ನಲವತ್ತು ಸಾವಿರ ಜಾಸ್ತಿ ಹಾಕಿದರೆ ಒಂದು ಕಿಲೋ ಹಗುರವಂತೆ.
ಒಂದು ಕಿಲೋ ನಾನೇ ಇಳಿಸ್ತೀನಿ, ಬಿಟ್ಟಿ.
ಟೈರು ಮಾತ್ರ ಮೂವತ್ತೆರಡು ಕೂರಬೇಕು;
ಜಲಮಂಡಳಿ ಅಗೆದು ಮುಚ್ಚಿದ್ದನ್ನು ಬೆಸ್ಕಾಂ ಅಗೆಯುವ ಊರು,
ತೇಪೆಯ ಮೇಲೆ ತೇಪೆ,
ಅದೂ ಕಲಿಯದ ಕೈಯ ತೇಪೆ.

ಅಷ್ಟರಲ್ಲಿ ಅದು ಕಂಡಿತು.
ಮೂಲೆಯಲ್ಲಿ, ಹಳೇ ಮೈಸೂರು ಸಿಲ್ಕಿನ ಮರೂನು,
ಅಂಚಿಗೆ ತೆಳು ಜರಿಯ ಗೆರೆ.
ಹೋದ ವರ್ಷದ್ದು, ಇಪ್ಪತ್ತೆರಡು ಸಾವಿರ ಕಡಿತ.
ನನಗೆ ಬೇಕಾದ್ದು ನಲವತ್ತೊಂಬತ್ತು, ಅದು ಐವತ್ತೆರಡು.
"ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದು ಆಂಟಿ,
ಸೀಟು ಮುಂದೆ ತಳ್ಳೋಣ, ಸ್ಟೆಮ್ ಗಿಡ್ಡದು ಹಾಕೋಣ."

ಅಡ್ಡರಸ್ತೆಯಲ್ಲಿ ಎರಡು ಸುತ್ತು.
ಓಡಿತು. ಅಯ್ಯೋ, ಹೇಗೆ ಓಡಿತು!
ಮೂವತ್ತು ವರ್ಷ ಪೆಡಲು ತುಳಿದ ಕಾಲು ಇದು,
ಒಂದಡಿ ಮುಂದೆ ಹೋಗದೆ.
ಹೊಂಗೆ ನೆರಳು, ಎಳನೀರ ಗಾಡಿ, ಶಾಲೆಯ ವ್ಯಾನು
ಎಲ್ಲ ಹಿಂದೆ, ಹಿಂದೆ.
ತಿರುವಿನಲ್ಲಿ ನಿಲ್ಲಿಸಿದಾಗ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ,
ಬ್ರೇಕಿಗೆ ಚಾಚಿದ ಭುಜದಲ್ಲಿ ಸಣ್ಣ ಸೆಳೆತ,
ಕಂಕುಳಲ್ಲಿ ತಪ್ಪಿದ ಕಟಿಂಗಿನ ಹಾಗೆ.

ಸ್ವಲ್ಪ ಅಡ್ಜಸ್ಟ್ ಮಾಡಿ.
ಈ ಮಾತಿನ ಮೇಲೆ ನನ್ನ ಅರ್ಧ ವ್ಯಾಪಾರ ನಿಂತಿದೆ.
ಮುಹೂರ್ತಕ್ಕೆ ಎರಡು ಗಂಟೆ ಇದ್ದಾಗ
ಎಷ್ಟು ಹುಡುಗಿಯರಿಗೆ ಹೇಳಿಲ್ಲ:
ಉಟ್ಟರೆ ಸರಿಹೋಗುತ್ತೆ, ಫೋಟೋದಲ್ಲಿ ಕಾಣಲ್ಲ.
ಬಟ್ಟೆಯಾದರೆ ಒಳಗೆ ಮುಕ್ಕಾಲಿಂಚು ಬಿಟ್ಟಿರುತ್ತೇನೆ.
ಲೋಹ ಕತ್ತರಿಸುವವನು ಏನು ಬಿಟ್ಟಿರುತ್ತಾನೆ?

ಇಳಿದೆ. ಮರೂನನ್ನು ಒಮ್ಮೆ ಸವರಿ ಗೋಡೆಗೆ ಒರಗಿಸಿದೆ.
ನಲವತ್ತೊಂಬತ್ತು ಸಾಸಿವೆ ಬಣ್ಣದಲ್ಲಿ ಮಾತ್ರವಂತೆ,
ಚೆನ್ನೈ ಗೋದಾಮಿನಿಂದ ಮೂರು ವಾರ.
ಸಾಸಿವೆ ನನ್ನ ಮೈಬಣ್ಣಕ್ಕೆ ಒಪ್ಪಲ್ಲ.
ಐದು ಸಾವಿರ ಅಡ್ವಾನ್ಸ್ ಕೊಟ್ಟೆ.

ರಾತ್ರಿ ಅಳತೆ ಪುಸ್ತಕ ತೆಗೆದು
ಡಿಸೋಜಾ ಮೇಡಂ ಅವರ ಎರಡು ಪ್ರಿನ್ಸೆಸ್ ಕಟ್ ಕೆಳಗೆ ಬರೆದೆ:
ರುಕ್ಮಾಬಾಯಿ. ಒಳಗಾಲು ಎಪ್ಪತ್ತೆರಡು. ತೋಳು ಐವತ್ತಾರು.
ಮಿಕ್ಕಿದ್ದರಲ್ಲಿ ಹೆಲ್ಮೆಟ್ಟು, ಲೈಟು, ಪಂಪು.
ಡೆಲಿವರಿ ಹದಿನೇಳು, ಗುರುವಾರ. ಅರ್ಜೆಂಟ್.

ಬರೆದು ನಗು ಬಂತು.
ನಾನು ಹದಿನೇಳು ಅಂದರೆ ಅದು ಇಪ್ಪತ್ತೈದು
ಅಂತ ಇಡೀ ಶ್ರೀರಾಂಪುರಕ್ಕೆ ಗೊತ್ತು.
ಈಗ ದಿನಾ ಫೋನ್ ಮಾಡಿ,
ಆಯ್ತಾ, ಆಯ್ತಾ, ಅನ್ನುವ ಸರದಿ ನನ್ನದು.